ಬಂದವನ ಮಾತು

ಆನಗೋಡಿನ ಮೇಳದವರು ಆಡುವ ಹೇಮಧ್ವಜನ ಬಯಲಾಟ ಒಂದೇ ಸಲಕ್ಕೆ ಮುಗಿಯುವಂಥದ್ದಲ್ಲ. ಕಣ್ಣು ಕಳೆದುಕೊಂಡ ತಾಯಿಗೆ ಬೆಳಕಿನ ಹೂವು ತರುತ್ತೇನೆಂದು ಹೊರಡುವ ರಾಜಕುಮಾರನ ಕಥೆ ಅದು. ಅವನು ಹೊರಡುವ ಭಾಗವನ್ನು ಒಂದು ವರ್ಷ, ಮೆಕ್ಕೆಜೋಳದ ರಾಶಿ ಮುಗಿದ ಮೇಲೆ, ಆನಗೋಡಿನಲ್ಲಿ ಆಡುತ್ತಾರೆ. ಏಳು ಕಾಡು, ಏಳು ಹೊಳೆ ದಾಟಿ ಅವನು ತಿರುಗಿ ಬರುವ ಭಾಗವನ್ನು ಮರುವರ್ಷ ಹರಿಹರದಲ್ಲಿ, ತುಂಗಭದ್ರೆಯ ದಂಡೆಯ ಬಯಲಿನಲ್ಲಿ ಆಡುತ್ತಾರೆ. ನಡುವೆ ಇಡೀ ಒಂದು ವರ್ಷ ಖಾಲಿ. ಹೀಗೇಕೆ ಎಂದು ಹೊರಗಿನವರು ಯಾರಾದರೂ ಕೇಳಿದರೆ ಹಳಬರು ಹೇಳುವುದು ಇಷ್ಟೇ: "ಇವತ್ತು ಹೋದೋನು ಇವತ್ತೇ ಬಂದ ಅಂದ್ರೆ ಯಾರು ನಂಬ್ತಾರ್ರಿ? ಹೋದೋನ್ನ ಜನ ನಾಕು ದಿನ ಕಾಯಬೇಕಲ್ಲ!"

ಇನ್ನೊಂದು ವಾಡಿಕೆಯೂ ಇದೆ. ಹೋಗುವ ಹೇಮಧ್ವಜನ ಪಾತ್ರ ಒಬ್ಬನದು, ಬರುವ ಹೇಮಧ್ವಜನ ಪಾತ್ರ ಇನ್ನೊಬ್ಬನದು. ಹೋಗುವವನಿಗೆ ಕಾಲು ಮತ್ತು ಗಂಟಲು ಗಟ್ಟಿ ಇದ್ದರೆ ಸಾಕು. ಬರುವವನಿಗೆ ಏನು ಬೇಕು ಎಂಬುದನ್ನು ಯಾರೂ ಬಿಡಿಸಿ ಹೇಳಿದವರಲ್ಲ. ಆದರೆ ಇಪ್ಪತ್ತೆರಡು ವರ್ಷಗಳಿಂದ ಆ ಪಾತ್ರ ಕೆಂಚವೀರಪ್ಪನದೇ ಆಗಿತ್ತು. ಅವನು ಎರಡೆಕರೆಯ ರೈತ, ಮೇಳಕ್ಕೆ ಆಟ ಕಲಿಸುವವನು. ಹೋಗುವ ಹೇಮಧ್ವಜನಾಗಿದ್ದ ಅಂಜನ್ ಅವನ ತಂಗಿಯ ಮಗ.

ಅಂಜನ್‌ನ ಗಂಟಲಿನ ಬಗ್ಗೆ ಆನಗೋಡಿನಲ್ಲಿ ಕಥೆಗಳೇ ಇದ್ದವು. ಅವನು ದಾವಣಗೆರೆಯಲ್ಲಿ ಮುನಾಫ್ ಸಾಬರ ತರಕಾರಿ ಮಂಡಿಯಲ್ಲಿ ಹರಾಜಿನ ಸವಾಲು ಕೂಗುವವನು. ಬೆಳಗಿನ ಆರು ಗಂಟೆಗೆ ಟೊಮೆಟೊ ಬುಟ್ಟಿಗಳ ನಡುವೆ ಮರದ ಪೆಟ್ಟಿಗೆ ಹತ್ತಿ ನಿಂತು ಅವನು ಕೂಗತೊಡಗಿದರೆ ರಸ್ತೆಯ ಆಚೆಗಿನ ಚಹಾದಂಗಡಿಯವನು ಅಲ್ಲಿಂದಲೇ ದರ ತಿಳಿದುಕೊಳ್ಳುತ್ತಿದ್ದ. ಕೂಗುವುದರ ಜೊತೆಗೆ ನಗಿಸುವುದೂ ಅವನಿಗೆ ಗೊತ್ತಿತ್ತು. ಬಾತಿಯಿಂದ ಒಬ್ಬ ಮುದುಕಿ ದಿನಾಲೂ ಕೊತ್ತಂಬರಿ ತರುತ್ತಿದ್ದಳು. ಅವಳ ಸರದಿ ಬಂದರೆ, "ಬಂತು ನೋಡ್ರಪ್ಪೋ ಬಾತಿ ಮುದುಕಿ ಕೊತ್ತಂಬ್ರಿ! ಮುದುಕಿಗಿಂತ ಮೊದ್ಲೇ ಬಾಡೈತೆ!" ಎನ್ನುತ್ತಿದ್ದ. ಕೊಳ್ಳುವವರೆಲ್ಲ ನಗುತ್ತಿದ್ದರು. ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು. ಬದನೆಕಾಯಿಯವನು, ಕುಂಟ, ಕೆಂಪು ಟವೆಲ್ಲು, ಹೀಗೆ ಎಲ್ಲರಿಗೂ ಅವನೇ ಒಂದೊಂದು ಗುರುತು ಇಟ್ಟಿದ್ದ.

ಆ ವರ್ಷ ಆನಗೋಡಿನ ಆಟದಲ್ಲಿ ಅವನು ಪರದೆ ಸರಿಸಿ ಬಂದಾಗ ರಂಗಕ್ಕೆಂದು ಕಟ್ಟಿದ ಮಣ್ಣಿನ ಅಟ್ಟ ಅದುರಿತು. ಬಯಲಾಟದಲ್ಲಿ ಯಾವ ಪಾತ್ರ ಬಂದರೂ ಸಾರಥಿ ಎಂಬವನು ಎದುರಾಗಿ ಹೆಸರು ಕೇಳಲೇಬೇಕು. ಪಾತ್ರಧಾರಿ ತಾನು ಯಾರೆಂದು ಹೇಳಿಕೊಂಡೇ ಕಥೆಯೊಳಗೆ ಕಾಲಿಡಬೇಕು. ಮೇಳದ ಸಾರಥಿ ನಿಂಗರಾಜು, ಹೈವೇ ಬದಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟವನು, ಬೆತ್ತ ಆಡಿಸುತ್ತ, "ಭಲಾ! ಭೂಮಿ ಬಿರಿಯುವಂತೆ ಬಂದು ಈ ಸಭಾಸ್ಥಾನದಲ್ಲಿ ನಿಂತಂಥ ತಾವು ದಾರು?" ಎಂದು ಕೇಳಿದ. ಅಂಜನ್ ಒಂದೇ ಉಸಿರಿನಲ್ಲಿ ಹದಿನಾರು ಬಿರುದು ಹೇಳಿದ. ಜನ ಸಿಳ್ಳು ಹಾಕಿದರು.

ಮರುದಿನ ಬೆಳಿಗ್ಗೆ ಮೇಳದವರೆಲ್ಲ ಅರಳಿಕಟ್ಟೆಯ ಮೇಲೆ ಸೇರಿದರು. ಬರುವ ಆಟಕ್ಕೆ ವೀಳ್ಯ ಕೊಡುವುದು ಅಲ್ಲಿಯೇ. ತಟ್ಟೆಯಲ್ಲಿ ಎರಡು ಎಲೆ, ಒಂದು ಅಡಿಕೆ. ಯಾರು ಅದನ್ನು ಎತ್ತಿಕೊಳ್ಳುತ್ತಾರೋ ಅವರು ಮರುವರ್ಷ ಹೇಮಧ್ವಜನಾಗಿ ಬರಬೇಕು. ಹಾರ್ಮೋನಿಯಂ ನುಡಿಸುವ ಜಮಾಲುದ್ದೀನ್ ತಟ್ಟೆಯನ್ನು ವಾಡಿಕೆಯಂತೆ ಕೆಂಚವೀರಪ್ಪನ ಕಡೆಗೆ ಹಿಡಿದರು. ಅಷ್ಟರಲ್ಲಿ ನಡುವೆ ಒಂದು ಕೈ ಬಂತು. ಅಂಜನ್ ಎಲೆ ಅಡಿಕೆ ಎತ್ತಿಕೊಂಡಿದ್ದ.

"ಬರೋನೂ ನಾನೇ," ಎಂದ.

ನಿಂಗರಾಜು ನಗಲು ನೋಡಿದ. "ಲೇ ಅಂಜ, ನೀನು ಹೋಗಿ ಇನ್ನೂ ಮುಖದ ಬಣ್ಣ ಆರಿಲ್ಲ. ಆಗ್ಲೇ ಬಂದ್ಯಾ?"

"ಚ್ಯಾಷ್ಟಿ ಅಲ್ಲ. ಮಾವಗೆ ವಯಸ್ಸಾತು. ಜನ ದುಡಿಮೆ ಬಿಟ್ಟು ಬಂದಿರ್ತಾರ, ಅವ್ರಿಗೆ ಕೇಳಿಸ್ಬೇಕು ಬ್ಯಾಡ? ಹರಿಹರದಾಗೆ ಹೋದ್ಸಲ ಅರ್ಧ ಜನ ಎದ್ದು ಮಂಡಕ್ಕಿ ತಿನ್ನಾಕ ಹೋದ್ರು."

ಕೆಂಚವೀರಪ್ಪ ಖಾಲಿ ತಟ್ಟೆಯನ್ನು ನೋಡಿದ. ಆಮೇಲೆ ಎದ್ದು ಪಂಚೆ ಕೊಡವಿದ. "ಹಿಡಿದ್ಯಲ್ಲ, ಸರಿ ಬಿಡು. ಹಿಡಿದ ವೀಳ್ಯ ತಿರುಗಿ ಕೊಡಂಗಿಲ್ಲ, ನಾವು ಇಸ್ಕೊಳ್ಳಂಗಿಲ್ಲ. ಅಷ್ಟು ನೆನಪಿರ್ಲಿ," ಎಂದು ಹೊಲದ ಕಡೆಗೆ ಹೋದ.

ಮುಂಗಾರು ಬಿತ್ತನೆಯ ಹೊತ್ತಿಗೆ ಅಂಜನ್‌ಗೆ ಜ್ವರ ಬಂತು. ನಾಲ್ಕು ದಿನ ಮಲಗಿ ಎದ್ದ. ಐದನೆಯ ದಿನ ಮಂಡಿಯಲ್ಲಿ ಪೆಟ್ಟಿಗೆ ಹತ್ತಿ ಬಾಯಿ ತೆರೆದರೆ ಬರೀ ಗಾಳಿ ಬಂತು. ಜನ ಅವನು ತಮಾಷೆ ಮಾಡುತ್ತಿದ್ದಾನೆಂದು ನಕ್ಕರು. ಮತ್ತೆ ಕೂಗಿದ. ತೂತು ಬಿದ್ದ ಟ್ಯೂಬಿನ ಸದ್ದು. ಮುನಾಫ್ ಸಾಬರೇ ಕೈ ಹಿಡಿದು ಇಳಿಸಿ ನೀರು ಕೊಟ್ಟರು. ನೀರು ಅಡ್ಡದಾರಿ ಹಿಡಿದು, ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾದವು.

ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರು ಮೂಗಿನೊಳಗಿಂದ ಸಣ್ಣ ನಳಿಕೆ ಇಳಿಸಿ, ಪರದೆಯ ಮೇಲೆ ಅವನ ಗಂಟಲನ್ನು ಅವನಿಗೇ ತೋರಿಸಿದರು. "ಇಲ್ಲಿ ಎರಡು ತಂತಿ ಕಾಣ್ತವಲ್ಲ? ಎರಡೂ ಕೂಡಿದ್ರೆ ದನಿ. ಎಡಗಡೇದು ಆಡ್ತಿಲ್ಲ ನೋಡಿ. ಜ್ವರದಲ್ಲಿ ನರ ಮಲಗಿಬಿಟ್ಟಿದೆ. ಕೆಲವರಿಗೆ ಹೀಗಾಗುತ್ತೆ."

ಅವನ ಹೆಂಡತಿ ಲಕ್ಷ್ಮೀದೇವಿ ಕೇಳಿದಳು: "ಯಾವಾಗ ಏಳ್ತೈತ್ರಿ?"

"ಆರು ತಿಂಗಳಾಗಬಹುದು, ವರ್ಷ ಆಗಬಹುದು. ಏಳದೇನೂ ಇರಬಹುದಮ್ಮ. ವ್ಯಾಯಾಮ ಮಾಡ್ತಾ ಕಾಯಬೇಕು, ಅಷ್ಟೇ."

ಬಸ್ಸಿನಲ್ಲಿ ತಿರುಗಿ ಬಂದರು. ಆನಗೋಡಿನ ಸ್ಟಾಪ್ ಹತ್ತಿರ ಬಂದಾಗ ಅಂಜನ್ ಎದ್ದು "ಹೋಲ್ಡಾನ್" ಎನ್ನಲು ಹೋಗಿ, ಬಾಯಿ ತೆರೆದು, ಮುಚ್ಚಿದ. ಲಕ್ಷ್ಮೀದೇವಿ ಕೂಗಿದಳು. ಕೆಳಗಿಳಿದ ಮೇಲೆ, "ಮದ್ವಿಯಾಗಿ ಎಂಟು ವರ್ಷ ಆತು. ನಿಮ್ಮ ಜೊತಿಗಿದ್ದಾಗ ನನ್ನ ದನಿ ನಂಗೇ ಕೇಳಿಸಿದ್ದು ಇವತ್ತೇ ನೋಡ್ರಿ," ಎಂದಳು. ನಗಿಸಲೆಂದೇ ಹೇಳಿದ್ದಳು. ಆದರೆ ಅಂಜನ್ ಆ ಮಾತನ್ನು ಮನೆಯ ತನಕ ಹೊತ್ತುಕೊಂಡು ಬಂದ.

ಮುನಾಫ್ ಸಾಬರು ಅವನನ್ನು ಕೆಲಸದಿಂದ ಬಿಡಿಸಲಿಲ್ಲ. ಕೂಗಲು ಬೇರೆಯವನನ್ನು ಇಟ್ಟುಕೊಂಡು ಇವನಿಗೆ ಚೀಟಿ ಬರೆಯುವ ಕೆಲಸ ಕೊಟ್ಟರು. ಬಂದ ಬುಟ್ಟಿಗಳಿಗೆಲ್ಲ ತಂದವರ ಹೆಸರು, ಊರು ಬರೆದ ಚೀಟಿ ಸಿಕ್ಕಿಸಬೇಕು. ಪೆಟ್ಟಿಗೆಯ ಮೇಲೆ ನಿಂತು ತಲೆಗಳನ್ನಷ್ಟೇ ನೋಡಿದ್ದವನು ಈಗ ಗೋಣಿಚೀಲದ ಮೇಲೆ, ಬುಟ್ಟಿಗಳ ಮಟ್ಟಕ್ಕೆ ಕೂತ. ಮೊದಲ ದಿನ ಬಾತಿಯ ಮುದುಕಿ ಎದುರು ಬಂದು ನಿಂತಳು. ಅವನು ಪೆನ್ನು ಎತ್ತಿ, ಹುಬ್ಬು ಏರಿಸಿ ನೋಡಿದ.

"ಏನು, ಹೆಸರಾ?" ಎಂದಳು ಮುದುಕಿ. "ಒಂಬತ್ತು ವರ್ಷದಿಂದ ನನ್ನ ಮ್ಯಾಲೆ ಕೂಗಿ ಕೂಗಿ ಮಂದೀನ ನಗಸಿದಿ. ಹೆಸರು ಗೊತ್ತಿಲ್ಲೇನು ನಿಂಗೆ?"

ಅಂಜನ್ ಇಲ್ಲವೆಂದು ತಲೆಯಾಡಿಸಿದ.

"ರಂಗವ್ವ ಅಂತ ಬರಿ. ವತ್ತು ಕೊಟ್ಟು ಬರಿ, ಮುನ್ನಿಸಿಪಾಲ್ಟಿಯೋರು ಬರೀ ರಂಗವ ಅಂತ ಬರದು ರೇಷನ್ ಕಾರ್ಡು ಕೆಡಿಸಿಟ್ಟಾರೆ."

ಅಷ್ಟರಲ್ಲಿ ಪೆಟ್ಟಿಗೆಯ ಮೇಲಿನ ಹೊಸಬ ಕೂಗಿದ: "ಬಂತು ನೋಡ್ರಪ್ಪೋ ಮುದುಕಿ ಕೊತ್ತಂಬ್ರಿ!" ಮಾತೂ ಅಂಜನ್‌ನದೇ, ಧಾಟಿಯೂ ಅಂಜನ್‌ನದೇ. ಕೊಳ್ಳುವವರು ನಕ್ಕರು. ಕೆಳಗೆ, ಅವಳ ಪಕ್ಕದಲ್ಲಿ ಕೂತು ಕೇಳಿದರೆ ಆ ನಗು ಬೇರೆಯೇ ಆಗಿತ್ತು. ಅದು ಮೇಲಿನಿಂದ ಬೀಳುತ್ತಿತ್ತು. ಅಂಜನ್ ಚೀಟಿಯ ಮೇಲೆ ರಂಗವ್ವ ಎಂದು ಒತ್ತು ತಿದ್ದಿ ತಿದ್ದಿ ಬರೆದ.

ಹೀಗೆ ತಿಂಗಳುಗಳು ಹೋದವು. ಬದನೆಕಾಯಿಯವನು ಹಾಲೇಶಪ್ಪ ಎಂದೂ, ಕೆಂಪು ಟವೆಲ್ಲಿನವನಿಗೆ ಮಾತು ಬಾರದ ಇಬ್ಬರು ಹೆಣ್ಣುಮಕ್ಕಳಿದ್ದಾರೆಂದೂ ತಿಳಿಯಿತು. ಮಾತಾಡಲಾಗದವನ ಹತ್ತಿರ ಜನ ಏನೇನೋ ಹೇಳಿಕೊಳ್ಳುತ್ತಾರೆ. ನಡುವೆ ಬಾಯಿ ಹಾಕುವುದಿಲ್ಲ ಎಂಬ ಧೈರ್ಯವಿರಬೇಕು. ಅವನು ನೀರು ಕುಡಿದಾಗಲೆಲ್ಲ ಕೆಮ್ಮುವುದನ್ನು ನೋಡಿದ ರಂಗವ್ವ ಒಂದು ದಿನ ಸ್ಟೀಲ್ ಡಬ್ಬಿಯಲ್ಲಿ ರಾಗಿ ಅಂಬಲಿ ತಂದಳು. "ತೆಳ್ಳಂದು ಕುಡೀಬ್ಯಾಡ. ಗಟ್ಟೀದು, ಗದ್ದ ತಗ್ಗಿಸಿ ನುಂಗು. ನಮ್ಮನೆಯೋರಿಗೆ ಲಕ್ವ ಹೊಡದಾಗ ಇದೇ ನುಂಗಿಸಿದ್ದೆ." ಅವನು ನುಂಗಿದ. ಕೆಮ್ಮು ಬರಲಿಲ್ಲ. "ಕಲಿತಿ ನೋಡು," ಎಂದು ಮುದುಕಿ ಎದ್ದುಹೋದಳು.

ವಾರಕ್ಕೆರಡು ದಿನ ಮಧ್ಯಾಹ್ನ ಆಸ್ಪತ್ರೆಯ ಬುಷ್ರಾ ಮೇಡಂ ಹತ್ತಿರ ಹೋಗಬೇಕಿತ್ತು. ಮಾತು ಕಲಿಸುವ ಆ ಮೇಡಂಗೆ ಇಪ್ಪತ್ತಾರು ವರ್ಷವಿರಬಹುದು. ಮೊದಲ ದಿನವೇ ಲೋಟದ ನೀರಿನಲ್ಲಿ ಸ್ಟ್ರಾ ಇಟ್ಟು, "ಊದ್ತಾ 'ಊ' ಅನ್ರಿ. ಗುಳ್ಳೆ ಬರ್ಲಿ," ಎಂದಳು. ಹದಿನಾರು ಬಿರುದು ಒಂದೇ ಉಸಿರಿಗೆ ಹೇಳಿದ್ದವನು ಲೋಟದಲ್ಲಿ ಗುಳ್ಳೆ ಎಬ್ಬಿಸುತ್ತ ಕೂತ. ಪಕ್ಕದ ಬೆಂಚಿನ ಮೇಲೆ ತೊದಲುವ ಮಕ್ಕಳು ಅವನನ್ನೇ ನೋಡುತ್ತಿದ್ದವು. ಮೊದಲ ತಿಂಗಳು 'ಊ' ಹುಟ್ಟಲಿಲ್ಲ. ಎರಡನೆಯ ತಿಂಗಳು ಹುಟ್ಟಿ, ಮೂರು ಎಣಿಸುವಷ್ಟರಲ್ಲಿ ಸತ್ತಿತು. ಅವನು ಸಿಟ್ಟಿನಿಂದ ಒದರಲು ಹೋದ. ಕತ್ತಿನ ನರ ಉಬ್ಬಿ, ಕಿವಿಯ ತನಕ ನೋವು ಏರಿತು. ದನಿ ಮಾತ್ರ ಬರಲಿಲ್ಲ.

"ಅಣ್ಣ, ಒದರಬ್ಯಾಡ್ರಿ," ಎಂದಳು ಬುಷ್ರಾ. "ಆಡೋ ತಂತಿ ಒಂದೇ ಐತೆ. ಅದು ಇನ್ನೊಂದರ ಹತ್ರ ನಡ್ಕೊಂಡು ಹೋಗಿ ಮುಟ್ಟಬೇಕು. ನೀವು ದಬ್ಬಿದ್ರೆ ಎಡವಿ ಬೀಳ್ತೈತೆ."

ಐದನೆಯ ತಿಂಗಳಲ್ಲಿ ಅವನಿಗೆ ಸಾಕೆನಿಸಿತು. ಮಾವನ ಮನೆಗೆ ಹೋಗಿ, ಎರಡು ಹೊಸ ಎಲೆ, ಒಂದು ಅಡಿಕೆ ತಟ್ಟೆಯಲ್ಲಿಟ್ಟು ಮುಂದೆ ಸರಿಸಿದ. ಕೆಂಚವೀರಪ್ಪ ಶೇಂಗಾ ಸುಲಿಯುತ್ತಿದ್ದ. ತಟ್ಟೆ ನೋಡಿದ, ಸುಲಿಯುವುದು ನಿಲ್ಲಿಸಲಿಲ್ಲ.

"ಅವತ್ತೇ ಹೇಳಿದ್ದೆ."

ಅಂಜನ್ ಗಂಟಲು ಮುಟ್ಟಿ ತೋರಿಸಿ, ಕೈ ಮುಗಿದ.

"ನೋಡಳಿಯ, ನನಗೆ ನಿನ್ನ ಮ್ಯಾಲೆ ಸಿಟ್ಟಿತ್ತು, ಸುಳ್ಳು ಯಾಕ ಹೇಳ್ಲಿ. ಈಗಿಲ್ಲ. ಆದ್ರೆ ಇದು ನನ್ನ ನಿನ್ನ ಮಾತಲ್ಲ. ಹೋದೋನು ಬರ್ಲಿಲ್ಲಂದ್ರೆ ಆಟ ಅಲ್ಲಿಗೇ ನಿಂತಂಗೆ. ಮುಂದೆ ಯಾವ ಮುಖ ಇಟ್ಕೊಂಡು ಹೋಗೋ ಆಟ ಆಡೋದು? ನೀನೇ ಬರಬೇಕು. ಕುಂಟ್ಕೊಂತ ಬಾ, ತೆವಳ್ಕೊಂತ ಬಾ. ಬಾ." ಆಮೇಲೆ ಒಂದು ಹಿಡಿ ಶೇಂಗಾ ಅವನ ಕೈಗೆ ಹಾಕಿದ. "ಮೆತ್ತಗೆ ಅಗಿ. ಕೆಮ್ಮೀಯ."

ಅಲ್ಲಿಂದ ಅವನು ಹೋದದ್ದು ಮಂಡಿಪೇಟೆಯ ಹಿಂದಿನ ಸಂದಿಗೆ, ಜಮಾಲುದ್ದೀನರ ಹಾರ್ಮೋನಿಯಂ ರಿಪೇರಿ ಅಂಗಡಿಗೆ. ಅಂಗಡಿ ಎಂದರೆ ಒಂದು ಬಾಗಿಲು, ಒಂದು ಚಾಪೆ. ಅವರು ಬಿಚ್ಚಿದ ಪೆಟ್ಟಿಗೆಯೊಂದರ ಮುಂದೆ ಕೂತು ದನಿ ಹುಟ್ಟಿಸುವ ಹಿತ್ತಾಳೆಯ ರೀಡೊಂದನ್ನು ಕೂದಲಿನಷ್ಟು ತೆಳ್ಳಗೆ ಕೆರೆಯುತ್ತಿದ್ದರು.

"ಬಾ ಬೇಟಾ, ಕೂತ್ಕೊ. ಇದನ್ನ ಕೇಳು." ತಿದಿಯನ್ನು ಜೋರಾಗಿ ಒತ್ತಿದರು. ರೀಡು ಉಸಿರು ಕಟ್ಟಿದಂತಾಗಿ ಸುಮ್ಮನಾಯಿತು. ಆಮೇಲೆ ಎರಡು ಬೆರಳಿನಲ್ಲಿ, ಮಲಗಿದ ಕೂಸಿನ ಬೆನ್ನು ಸವರುವ ಹಾಗೆ, ಮೆಲ್ಲಗೆ ಒತ್ತಿದರು. ರೀಡು ಬಾಯಿಬಿಟ್ಟಿತು. ತಗ್ಗಿನ, ದುಂಡನೆಯ ದನಿ. "ದೇಖಾ? ಸುಸ್ತಾದ ರೀಡಿಗೆ ಗಾಳಿ ಜಾಸ್ತಿ ಕೊಟ್ರೆ ಹೆದರ್ತೈತೆ. ಕಮ್ಮಿ ಕೊಡು, ತಾನೇ ಹಾಡ್ತೈತೆ. ನೀನು ಯಾವಾಗ್ಲೂ ಎರಡನೇ ಕಪ್ಪು ಮಣೆ ಶ್ರುತಿಯಾಗೆ ಹಾಡಿದೋನು. ಮೇಲಿನ ಮನೆ. ನಾವು ಈಗ ಕೆಳಗಿನ ಮನೇಗೆ ಹೋಗಣ."

ಅಂದಿನಿಂದ ಮಂಡಿಯ ಕೆಲಸ ಮುಗಿದ ಮೇಲೆ ಅವನು ಆ ಚಾಪೆಯ ಮೇಲೆ ಕೂರತೊಡಗಿದ. ಜಮಾಲುದ್ದೀನ್ ಒಂದು ಸ್ವರ ಹಿಡಿಯುತ್ತಿದ್ದರು. ಅಂಜನ್ ಅದರ ಕೆಳಗೆ ಎಲ್ಲೋ ಗಾಳಿಯಲ್ಲಿ ತಡಕಾಡುತ್ತಿದ್ದ. ವಾರಗಟ್ಟಲೆ ಸಿಗಲಿಲ್ಲ. ಒಂದು ದಿನ ಎದುರಿನ ಅಂಗಡಿಯ ಹಮಾಲರು ಮೆಣಸಿನಕಾಯಿ ಚೀಲ ಇಳಿಸುತ್ತ ಸೀನುತ್ತಿದ್ದಾಗ, ಅವನ ಎದೆಯ ಬುಡದಿಂದ ಒಂದು ದನಿ ಎದ್ದು ಬಂದು ಹಾರ್ಮೋನಿಯಂನ ದನಿಯ ಪಕ್ಕದಲ್ಲಿ ಕೂತಿತು. ಒರಟು, ತಗ್ಗು, ಅಪರಿಚಿತ. ಜಮಾಲುದ್ದೀನ್ ಕೈ ತೆಗೆಯಲಿಲ್ಲ. ಕಣ್ಣು ಮಾತ್ರ ಮೇಲೆತ್ತಿದರು. ದನಿ ಹತ್ತು ಎಣಿಸುವ ತನಕ ಉಳಿಯಿತು.

ಅಂಜನ್ ಅಳತೊಡಗಿದ. "ಅಳು, ಅಳು," ಎಂದರು ಅವರು. "ಶ್ರುತಿ ಬಿಡದಂಗೆ ಅಳು."

ಹತ್ತನೆಯ ತಿಂಗಳಿಗೆ ಅವನು ಮಾತಾಡುತ್ತಿದ್ದ. ಹತ್ತಿರ ಕೂತವರಿಗೆ ಕೇಳಿಸುವಷ್ಟು, ನಡುನಡುವೆ ಉಸಿರಿಗೆ ನಿಲ್ಲುವಷ್ಟು. ಡಾಕ್ಟರು ಮತ್ತೆ ನಳಿಕೆ ಇಳಿಸಿ ನೋಡಿ, "ಎಡಗಡೇದು ಅರ್ಧ ಎದ್ದಿದೆ. ಇಷ್ಟೇ ಉಳಿಯುತ್ತೆ ಅನ್ಸುತ್ತೆ. ಕೂಗೋದು ಮಾತ್ರ ಮರೆತುಬಿಡಿ," ಎಂದರು.

ಆನಗೋಡಿನ ಶಾಲೆಯ ಹಿಂದೆ ತಾಲೀಮು ಶುರುವಾಯಿತು. ಬರುವ ಹೇಮಧ್ವಜನ ಪ್ರವೇಶ ಬಂತು. ನಿಂಗರಾಜು ಎಂದಿನ ಪ್ರಶ್ನೆ ಕೇಳಿದ. ಅಂಜನ್ ಶುರು ಮಾಡಿದ: "ಮನೆಯ ಬಾಗಿಲು ಹೋದಾಗ ಇದ್ದಂತೆಯೇ ಇದೆ ಸಾರಥಿ, ತೆರೆಯುವ ಕೈ ಮಾತ್ರ ಇಲ್ಲ..." ಕೆಂಚವೀರಪ್ಪ ಹನ್ನೊಂದು ಸಲ ಹರಿಹರದಲ್ಲಿ ಆಡಿದ ಮಾತು ಅದು. ಯಾರದೋ ಮೊಬೈಲಿನಲ್ಲಿದ್ದ ರೆಕಾರ್ಡಿಂಗ್ ಕೇಳಿ ಕೇಳಿ ಅಂಜನ್ ಒಂದಕ್ಷರ ಬಿಡದೆ ಬಾಯಿಪಾಠ ಮಾಡಿದ್ದ. ಹೇಳುತ್ತ ಹೇಳುತ್ತ ಮಾವನ ದನಿಯ ಏರಿಗೆ ಏರಲು ಹೋದ. ದನಿ ಮುರಿಯಿತು. ಮತ್ತೆ ಹೇಳಿದ. ಮತ್ತೆ ಮುರಿಯಿತು.

"ನಿಲ್ಸು," ಎಂದ ಕೆಂಚವೀರಪ್ಪ. "ಅದು ನನ್ನ ಮಾತು."

"ಆಟದ ಮಾತಲ್ವಾ ಮಾವ?"

ಕೆಂಚವೀರಪ್ಪ ಹಳದಿ ಬಟ್ಟೆ ಬಿಚ್ಚಿ ಆಟದ ಕೈಬರಹದ ಪುಸ್ತಕ ತೆಗೆದ. ಅಂಚು ಸವೆದ ಹಾಳೆಯ ಮೇಲೆ ಸಾರಥಿಯ ಪ್ರಶ್ನೆ ಇತ್ತು. ಅದರ ಕೆಳಗೆ ಒಂದೇ ಸಾಲು: 'ಬಂದವನು ತನ್ನ ಮಾತು ಆಡುವುದು.' ಮಿಕ್ಕ ಹಾಳೆ ಖಾಲಿ.

"ಇದನ್ನ ಓದೀನಿ," ಎಂದ ಅಂಜನ್. "ಮುಂದಿನ ಮಾತಿನ ಹಾಳೆ ಕಳದೈತೆ ಅನ್ಕಂಡಿದ್ದೆ."

"ಎಲ್ಲಾರೂ ಹಂಗೇ ಅನ್ಕತಾರ. ನಾನೂ ಅನ್ಕಂಡಿದ್ದೆ. ಹಾಳೆ ಯಾವುದೂ ಕಳದಿಲ್ಲ. 'ತನ್ನ ಮಾತು' ಅಂದ್ರೆ ತನ್ನ ಮಾತೇ. ನಾನು ಮೊದಲ್ನೇ ಸಲ ವೀಳ್ಯ ಹಿಡದ ವರ್ಷ ನಿಮ್ಮತ್ತಿ ಹೋದ್ಲು. ಆಸ್ಪತ್ರೆಯಿಂದ ತಿರುಗಿ ಬಂದಾಗ ಬಾಗ್ಲ ಮುಂದೆ ನಿಂತಿದ್ದೆ. ಬೀಗದ ಕೈ ಅವಳ ಸೊಂಟದಾಗೇ ಹೋಗಿತ್ತು. ಅದನ್ನೇ ಹರಿಹರದಾಗೆ ಹೇಳ್ದೆ. ನಿನಗೆ ಎಲ್ಲಿ ಬಾಗ್ಲು ಮುಚ್ಚಿತ್ತಲೇ? ನಿಮ್ಮನಿಯಾಗೆ ಲಕ್ಷ್ಮೀದೇವಿ ದಿನಾ ಬಾಗ್ಲು ತಗದು ಬೈತಾಳ."

ಎಲ್ಲರೂ ನಕ್ಕರು. ಅಂಜನ್ ಕೂಡ ನಕ್ಕ. ಆಮೇಲೆ ಕೇಳಿದ: "ನಾನೇನು ಹೇಳ್ಲಿ ಹಂಗಾರೆ?"

"ಅದನ್ನ ನನ್ನ ಕೇಳಿದ್ರೆ ಮತ್ತೆ ನನ್ನ ಮಾತೇ ಆಗ್ತೈತೆ," ಎಂದು ಕೆಂಚವೀರಪ್ಪ ಪುಸ್ತಕ ಕಟ್ಟಿಟ್ಟ.

ಹರಿಹರದ ಆಟ ಹಗಲು ಆಟ. ಮಧ್ಯಾಹ್ನ ಮೂರಕ್ಕೆ ಶುರುವಾಗಿ ಹೊತ್ತು ಮುಳುಗುವಷ್ಟರಲ್ಲಿ ಮುಗಿಯಬೇಕು. ಹೊಳೆಯಲ್ಲಿ ಅರ್ಧ ನೀರು, ಅರ್ಧ ಬಂಡೆ. ಸೇತುವೆಯ ಮೇಲೆ ಲಾರಿಗಳ ಹಾರನ್ನು. ದಂಡೆಯ ಬಯಲಿನಲ್ಲಿ ಸಾವಿರ ಜನರಾದರೂ ಇದ್ದರು. ಆನಗೋಡಿನಿಂದಲೇ ಎರಡು ಟ್ರ್ಯಾಕ್ಟರ್ ಬಂದಿದ್ದವು. ಸವಾಲಿನ ಅಂಜನ್‌ಗೆ ದನಿ ಹೋಗಿದೆ ಎಂಬ ಸುದ್ದಿ ಎಲ್ಲರಿಗೂ ಗೊತ್ತಿತ್ತು. ಮಂಡಿಯ ಕೊಳ್ಳುವವರು ಅದನ್ನು ನೋಡಲಿಕ್ಕೆಂದೇ ಒಂದು ಸಾಲು ಹಿಡಿದು ಕೂತಿದ್ದರು. ಲಕ್ಷ್ಮೀದೇವಿ ಹೆಂಗಸರ ಕಡೆ ಮುಂದಿನ ಸಾಲಿನಲ್ಲಿದ್ದಳು. ಅವಳ ಪಕ್ಕದಲ್ಲಿ, ಬಾತಿಯಿಂದ ಸಿಟಿ ಬಸ್ಸು ಹತ್ತಿ ಬಂದ ರಂಗವ್ವ.

ಪರದೆಯ ಹಿಂದೆ ಮೈಕಿನವನು ತಲೆ ಕೆರೆದುಕೊಂಡ. "ಅಣ್ಣ, ಮೇಲೆ ತೂಗಿರೋ ಮೈಕು ಕೂಗಿದ್ರೆ ಹಿಡೀತೈತೆ. ನಿಮ್ಮ ಮಾತಿಗೆ ವಾಲ್ಯೂಮ್ ಏರಿಸಿದ್ರೆ ಬರೀ ಕುಯ್ಯೋ ಅಂತೈತೆ."

"ಇರ್ಲಿ," ಎಂದ ಅಂಜನ್. "ಹೆಂಗೈತೋ ಹಂಗಿರ್ಲಿ." ಹಾಗೆ ಹೇಳಿದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು. ಹೋದ ವರ್ಷವಾಗಿದ್ದರೆ ಮೈಕಿನವನ ಮನೆತನವೇ ಬಯಲಿಗೆ ಬರುತ್ತಿತ್ತು. ಏನು ಹೇಳಬೇಕೆಂಬುದು ಅವನಿಗೆ ಇನ್ನೂ ತಿಳಿದಿರಲಿಲ್ಲ. ನಾಲ್ಕೈದು ಮಾತು ಕಟ್ಟಿದ್ದ. ಎಲ್ಲವೂ ಮಾವನ ಮಾತಿನ ತಮ್ಮಂದಿರಂತೆ ಇದ್ದವು.

ಅವನ ಸರದಿ ಬಂತು. ಹೋಗುವಾಗ ಪರದೆ ಹಾರಿಸಿ ಜಿಗಿದಿದ್ದವನು ಈಗ ಅದರ ಅಂಚು ಹಿಡಿದು ಸರಿಸಿ ಹೊರಗೆ ಬಂದ. ಮೈಮೇಲೆ ಮಾಸಿದ ಕಂಬಳಿ, ಕೈಯಲ್ಲಿ ಬೆಳ್ಳಿ ಕಾಗದದ ಹೂವು. ಜಮಾಲುದ್ದೀನ್ ಕೆಳಗಿನ ಮನೆಯ ಸ್ವರ ಹಿಡಿದರು. ಹಿಂದಿನಿಂದ ಯಾರೋ ಕೂಗಿದರು: "ಏ ಸವಾಲು! ಕೂಗಲೇ ಒಂದ್ಸಲ!" ಮಂಡಿಯ ಸಾಲು ನಕ್ಕಿತು.

ನಿಂಗರಾಜು ಎದುರಾದ. ಮೂವತ್ತು ವರ್ಷದ ಅಭ್ಯಾಸ. ಬೆತ್ತ ತಾನಾಗಿ ಆಡಿತು. "ಭಲಾ! ಕಾಡುಮೇಡು ಅಲೆದು, ಮೈ ಬಾಡಿ, ಬಂದು ಈ ಸಭಾಸ್ಥಾನದಲ್ಲಿ ನಿಂತಂಥ ತಾವು ದಾರು?"

ಅಂಜನ್ ಅವನನ್ನು ನೋಡಿದ. ಬಣ್ಣದ ಅಡಿಯಲ್ಲಿ ಬೆವರು, ಕೆನ್ನೆಯ ಮೇಲೆ ಪಂಕ್ಚರ್ ಅಂಗಡಿಯ ಸುಟ್ಟ ಗಾಯದ ಗುರುತು. ಹೋಗುವಾಗಲೂ ಇವನೇ ಇಲ್ಲಿ ನಿಂತಿದ್ದ. ರಾಜರು ಬಂದರೂ ರಕ್ಕಸರು ಬಂದರೂ ಇವನೇ ಕೇಳುತ್ತಾನೆ. ಇವನು ಕೇಳದೆ ಯಾರೂ ಯಾರೂ ಅಲ್ಲ.

"ಹೇಳ್ರಿ, ದಾರು ತಾವು?" ನಿಂಗರಾಜು ಎರಡನೆಯ ಸಲ ಕೇಳಿದ. ಪಾತ್ರದ ದನಿಯಲ್ಲಿ ಸ್ವಲ್ಪ ಗಾಬರಿ ಬೆರೆತಿತ್ತು.

"ಹೇಳುತ್ತೇನೆ," ಎಂದ ಅಂಜನ್. ಮುಂದಿನ ಎರಡು ಸಾಲಿಗೆ ಕೇಳಿಸಿತು. ಹಿಂದಿನವರು "ಏನಂದ? ಏನಂದ?" ಎಂದರು. ಅದಕ್ಕೆ ಅವರ ಮುಂದಿನವರು ತಿರುಗಿ "ಶ್! ಸುಮ್ನಿರ್ರಿ" ಎಂದರು. ಆ 'ಶ್' ಸಾಲಿನಿಂದ ಸಾಲಿಗೆ ಹಿಂದಕ್ಕೆ ಹೋಯಿತು. ಮದ್ದಳೆಯವನು ಕೈ ಎತ್ತಿಕೊಂಡ. ಮಂಡಕ್ಕಿಯವನು ಒಗ್ಗರಣೆಯ ಸೌಟನ್ನು ಗಾಳಿಯಲ್ಲೇ ಹಿಡಿದು ನಿಂತ. ಬಯಲಿನಲ್ಲಿ ಹೊಳೆ ಬಂಡೆಗೆ ತಾಗುವ ಸದ್ದು ಕೇಳಿಸತೊಡಗಿತು.

"ಹೇಳುತ್ತೇನೆ ಸಾರಥಿ. ಅದಕ್ಕೆ ಮೊದಲು..." ಉಸಿರಿಗೆ ನಿಂತ. ಸಾವಿರ ಜನ ಆ ಉಸಿರಿಗಾಗಿ ಕಾದರು. "ಹೋಗುವಾಗ ನಿನ್ನ ಮುಂದೆ ನಿಂತು ನನ್ನ ಹದಿನಾರು ಬಿರುದು ಹೇಳಿ ಹೋದೆ. ಏಳು ಕಾಡಿನಲ್ಲಿ ಒಬ್ಬರೂ ಬಿರುದು ಕೇಳಲಿಲ್ಲ. 'ಹಸಿವೇ?' ಎಂದು ಕೇಳಿದರು. 'ನೋವೇ?' ಎಂದು ಕೇಳಿದರು. ಅಂಬಲಿ ಕೊಟ್ಟರು. ನಾನೇ ಯಾರ ಹೆಸರನ್ನೂ ಕೇಳಿರಲಿಲ್ಲ." ಮತ್ತೆ ನಿಂತ. "ಎಲ್ಲರ ಹೆಸರು ಕೇಳುವವನು ನೀನು. ನಿನ್ನ ಹೆಸರೇನಪ್ಪ?"

ನಿಂಗರಾಜು ಬೆತ್ತ ಆಡಿಸುವುದನ್ನು ಮರೆತ. ಸಾರಥಿಗೆ ಹೆಸರಿಲ್ಲ. ಪುಸ್ತಕದಲ್ಲಿ ಇಲ್ಲ, ಅವನ ಗುರುವಿಗೂ ಇರಲಿಲ್ಲ. ಅವನು ಪರದೆಯ ಕಡೆ ನೋಡಿದ. ಅಲ್ಲಿ ಕೆಂಚವೀರಪ್ಪ ಬಾಯಿಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ; ಯಾವ ಸಹಾಯವೂ ಬರಲಿಲ್ಲ.

"ನಾನು... ನಿಂಗರಾಜು," ಎಂದ ಸಾರಥಿ, ಮನೆಯಲ್ಲಿ ಮಾತಾಡುವ ದನಿಯಲ್ಲಿ. "ಆನಗೋಡು ಬಸಮ್ಮನ ಮಗ."

ಯಾರೋ ನಕ್ಕರು. ನಗು ಅರ್ಧಕ್ಕೇ ನಿಂತಿತು. ನಿಂಗರಾಜುವಿನ ಕಣ್ಣಿನ ಕಾಡಿಗೆ ಕೆನ್ನೆಗೆ ಇಳಿದಿತ್ತು.

"ಬಸಮ್ಮನ ಮಗ ನಿಂಗರಾಜು," ಎಂದ ಅಂಜನ್, ಒಂದೊಂದು ಅಕ್ಷರಕ್ಕೂ ಅದರದರ ಜಾಗ ಕೊಟ್ಟು. "ನಾನು ಹೇಮಧ್ವಜ. ಇದೇ ಊರಿನವನು. ಹೂವು ಸಿಕ್ಕಿತು. ಒಳಗೆ ಬರಲೇ?"

ಪುಸ್ತಕದ ಪ್ರಕಾರ ಸಾರಥಿ ಈಗ ಮೂರು ಸಲ ಬಗ್ಗಿ ಪದ್ಯ ಹೇಳಬೇಕಿತ್ತು. ನಿಂಗರಾಜು ಪದ್ಯ ಮರೆತ. ಬೆತ್ತ ಎಸೆದ. ಜನರ ಕಡೆ ತಿರುಗಿ, ಎರಡೂ ಕೈ ಎತ್ತಿ, ಇದ್ದಷ್ಟು ದನಿಯಲ್ಲಿ ಕೂಗಿದ: "ಬಂದ್ನಲ್ರಪ್ಪೋ! ನಮ್ಮ ಹೇಮಧ್ವಜ ಬಂದ!"

"ಬಂದ!" ಎಂದಿತು ಮುಂದಿನ ಸಾಲು. "ಬಂದ! ಬಂದ!" ಎಂದಿತು ಬಯಲು. ಮಂಡಿಯ ಸಾಲು ಎದ್ದು ನಿಂತು, ದಿನಾ ಸವಾಲಿಗೆ ಕೂಗುವ ಗಂಟಲಿನಲ್ಲೇ ಕೂಗಿತು. ಸೇತುವೆಯ ಮೇಲೆ ಲಾರಿಯೊಂದು ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ ಏನಾಯಿತೆಂದು ನೋಡಿದ. ರಂಗವ್ವ ಪಕ್ಕದಲ್ಲಿದ್ದ ಲಕ್ಷ್ಮೀದೇವಿಯ ತೊಡೆಗೆ ಗುದ್ದುತ್ತ, "ಬಂದ ನೋಡವ್ವ, ನಿನ್ನ ಗಂಡ ಬಂದ!" ಎನ್ನುತ್ತಿದ್ದಳು. ಜಮಾಲುದ್ದೀನ್ ಕೆಳಗಿನ ಮನೆಯಿಂದ ಮೇಲಿನ ಮನೆಗೆ ಒಂದೇ ಸಲಕ್ಕೆ ಸ್ವರ ಏರಿಸಿದರು. ಮದ್ದಳೆಗೆ ಪೆಟ್ಟು ಬಿತ್ತು.

ಅಂಜನ್ ಅಟ್ಟದ ನಡುವೆ ನಿಂತಿದ್ದ. ಈ ಕೂಗಿನ ಮುಂದೆ ತನ್ನ ದನಿ ಏನೂ ಅಲ್ಲ ಎಂಬುದು ಅವನಿಗೆ ಗೊತ್ತಿತ್ತು. ಮೀರಬೇಕೆಂದು ಅನಿಸಲೂ ಇಲ್ಲ. ಎಲ್ಲರದೂ ಮುಗಿಯಲಿ ಎಂದು ತಲೆ ಬಾಗಿಸಿ ಕಾದ. ಅದು ಮುಗಿಯುತ್ತಲೇ ಇರಲಿಲ್ಲ.

ಕೊನೆಗೆ ಕಣ್ಣಿಲ್ಲದ ರಾಜಮಾತೆಯಾಗಿ ಪರದೆಯ ಹಿಂದೆ ಕೂತಿದ್ದ ನಿರ್ಮಲಮ್ಮನ ಪಿಸುಮಾತು ಕೇಳಿಸಿತು: "ಬಾರೋ ಮಾರಾಯ ಬೇಗ! ಕಣ್ಣು ಮುಚ್ಚಿ ಮುಚ್ಚಿ ಸಾಕಾತು ನಂಗೆ!"

ಅಂಜನ್ ಹೂವನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ನಡೆದ.